ಎನಲೇಸಿಯ ಹೊಲದ ಮಂದ್ರಸ್ತಂಭ

ಹೊತ್ತು ಮುಳುಗುವ ಸಮಯಕ್ಕೆ ಆನೆಗಳ ಹಿಂಡು ಮೆಕ್ಕೆಜೋಳದ ಹೊಲದ ಅಂಚಿಗೆ ಬಂದು ನಿಂತಿತು. ಮುಂದಿದ್ದ ಮುದಿ ಹೆಣ್ಣಾನೆ ಸೊಂಡಿಲೆತ್ತಿ ಗಾಳಿಯನ್ನು ಮೂಸಿತು. ಬಲಿತ ತೆನೆಗಳ ವಾಸನೆ ಅದಕ್ಕೆ ತಲುಪಿರಲೇಬೇಕು. ಆಗ ಬದುವಿನಲ್ಲಿ ನೆಟ್ಟಿದ್ದ ಆಳೆತ್ತರದ ಬೂದು ಕಂಬವೊಂದು ತನ್ನ ಕೆಲಸ ಮಾಡಿತು. ಮನುಷ್ಯರ ಕಿವಿಗೆ ಏನೂ ಕೇಳಿಸಲಿಲ್ಲ. ಎದೆಯೊಳಗೆ ಸಣ್ಣ ನಡುಕವೊಂದು ಹಾದುಹೋದಂತಾಯಿತು, ಅಷ್ಟೆ. ಆನೆಗಳು ಮಾತ್ರ ಕಿವಿ ಅಗಲಿಸಿ, ಮರಿಗಳನ್ನು ನಡುವೆ ಸೇರಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿದವು.

“ಏನಂತು ಅದು?” ಎಂದು ಹೊಲದ ಒಡತಿ ಎನಲೇಸಿ ಕೇಳಿದಳು.

“ಅಪಾಯ ಇದೆ, ಹೋಗಿ ಅಂತು. ಅವುಗಳ ಭಾಷೆಯಲ್ಲೇ,” ಎಂದಳು ಡಾಕ್ಟರ್ ಮಂದಾಕಿನಿ ಗಾಂವಕರ್.

ಅಂಕೋಲೆಯಲ್ಲಿ ಹುಟ್ಟಿದ ಮಂದಾಕಿನಿ ಜಾಂಬಿಯಾದ ಲುವಾಂಗ್ವಾ ಕಣಿವೆಗೆ ಬಂದದ್ದು ಆನೆಗಳ ಮಾತು ಕಲಿಯಲು. ಆನೆಗಳು ನಮ್ಮ ಕಿವಿಗೆ ನಿಲುಕದ ತಗ್ಗು ದನಿಯಲ್ಲಿ ಮಾತನಾಡುತ್ತವೆ. ಆ ದನಿ ಗಾಳಿಯಲ್ಲೂ ನೆಲದಲ್ಲೂ ಮೈಲಿಗಟ್ಟಲೆ ಹರಿಯುತ್ತದೆ. ಅದನ್ನು ಕೇಳಿಸಿಕೊಳ್ಳುವ, ಅದೇ ದನಿಯಲ್ಲಿ ಉತ್ತರಿಸುವ ಯಂತ್ರವನ್ನು ಅವಳು ರೂಪಿಸಿದ್ದಳು. ಅದಕ್ಕೆ ಮಂದ್ರಸ್ತಂಭವೆಂದು ಹೆಸರಿಟ್ಟಿದ್ದಳು. ಕಂಬ ಕೇಳಿಸಿಕೊಂಡ ಮಾತಿನ ಅರ್ಥವು ಊರಿನ ಹಿಟ್ಟಿನ ಗಿರಣಿಯಲ್ಲಿಟ್ಟಿದ್ದ ರೇಡಿಯೋದಲ್ಲಿ ಅಲ್ಲಿಯ ಜನರ ಭಾಷೆಯಲ್ಲಿ ಕೇಳಿಬರುತ್ತಿತ್ತು.

ಆ ಗಿರಣಿಯನ್ನೂ ಪಕ್ಕದ ಆಸ್ಪತ್ರೆಯನ್ನೂ ಕಾಡಿನ ಕಾವಲುಗಾರರ ಮನೆಗಳನ್ನೂ ಕಟ್ಟಿಸಿಕೊಟ್ಟವರು ನೂರ್‌ಬಾನು ವಿರ್ಜಿ ಎಂಬ ಹಿರಿಯ ಹೆಂಗಸು. ದಾರ್ ಎಸ್ ಸಲಾಮಿನ ತಮ್ಮ ಹಡಗುಗಳನ್ನು ಮಾರಿ, ಬಂದದ್ದನ್ನೆಲ್ಲ ಕಾಡಿಗೂ ಕಾಡಿನಂಚಿನ ಹಳ್ಳಿಗಳಿಗೂ ಮುಡಿಪಾಗಿಟ್ಟಿದ್ದರು. ಕಂಬಗಳಿಗೆ ಹಣ ಕೊಡುವಾಗ ಒಂದು ಮಾತು ಹೇಳಿದ್ದರು: ಕಂಬಗಳು ಊರಿನ ಸೊತ್ತು, ಹಚ್ಚುವುದು ಆರಿಸುವುದು ಊರಿನ ಸಮಿತಿಗೆ ಬಿಟ್ಟದ್ದು. ಸಮಿತಿಯ ಮುಖ್ಯಸ್ಥೆ ಎನಲೇಸಿ. ಹೊಲ ಕಾಯಲು ಹೋದ ಅವಳ ಗಂಡ ಲಾಜರೋ ಆನೆಯ ಕಾಲಡಿ ಸಿಕ್ಕಿ ಸತ್ತಿದ್ದ.

ಕಂಬಗಳು ಬಂದ ಮೇಲೆ ಊರಿನಲ್ಲಿ ಯಾರೂ ಸತ್ತಿರಲಿಲ್ಲ. ಆನೆಗಳಿಗೂ ಯಾರೂ ವಿಷವಿಟ್ಟಿರಲಿಲ್ಲ.

ಕೊಯ್ಲು ಹತ್ತಿರವಾಗಿದ್ದ ಒಂದು ಬೆಳಿಗ್ಗೆ ಗಿರಣಿಯ ರೇಡಿಯೋ ಹಿಂದೆಂದೂ ಹೇಳದ ಮಾತನ್ನು ಹೇಳತೊಡಗಿತು. “ಬನ್ನಿ. ಬನ್ನಿ. ಬನ್ನಿ.”

ಮಂದಾಕಿನಿ ಓಡಿಬಂದಳು. ಎನಲೇಸಿಯ ಹೊಲದ ಕಂಬದೆದುರು ಹೆಣ್ಣಾನೆಯೊಂದು ನಿಂತಿತ್ತು. ಒಂದು ಹೆಜ್ಜೆ ಮುಂದಿಡುತ್ತಿತ್ತು, ಮೈ ನಡುಗಿ ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು.

“ಯಂತ್ರ ಕೆಟ್ಟಿರಬೇಕು ಅಮಾಯಿ,” ಎಂದಳು ಮಂದಾಕಿನಿ. ಅಲ್ಲಿ ತಾಯಿಯನ್ನು ಕರೆಯುವುದು ಹಾಗೆ. “ಬನ್ನಿ ಅನ್ನೋದು ಆನೆ ಆನೆಗೆ ಹೇಳೋ ಮಾತು. ಕಂಬಕ್ಕೆ ಯಾಕೆ ಹೇಳುತ್ತೆ?”

“ದಿನಾ ಅದರ ಜೊತೆ ಮಾತಾಡೋದು ಕಂಬ ತಾನೇ? ಕಂಬದ ಹಿಂದೆ ಯಾರೋ ಇದ್ದಾರೆ ಅಂತ ತಿಳಿದುಕೊಂಡಿದೆ,” ಎಂದಳು ಎನಲೇಸಿ.

ಹೊಲದ ಆಚೆ ತುದಿಯಲ್ಲಿ, ನೀರಿನ ತೊಟ್ಟಿಗೆಂದು ನೂರ್‌ಬಾನು ಅವರ ಹಣದಲ್ಲೇ ತೋಡಿಸಿದ್ದ ಗುಂಡಿಯಿಂದ ಕೀರಲು ದನಿ ಕೇಳಿಸಿತು. ಹೋಗಿ ನೋಡಿದರೆ, ಕೆಸರಿನಲ್ಲಿ ಎಳೆಯ ಆನೆಮರಿ. ಮಂದಾಕಿನಿಗೆ ಆಗ ಹೊಳೆಯಿತು. ಹಿಂದಿನ ರಾತ್ರಿ ಹಿಂಡೆಲ್ಲ ಕಂಬದ ಮಾತು ಕೇಳಿ ಹಿಂತಿರುಗಿದಾಗ ಈ ಮರಿ ಮುಂದೆ ಓಡಿತ್ತು. ಅದಿನ್ನೂ ಮಾತು ಕಲಿತಿರಲಿಲ್ಲ. ಅಪಾಯ ಎಂದರೇನೆಂದೇ ಅದಕ್ಕೆ ತಿಳಿಯದು. ತಾಯಿಗೆ ತಿಳಿದಿತ್ತು, ಆದ್ದರಿಂದಲೇ ಅದು ದಾಟಿ ಬರಲಾರದೆ ನಿಂತಿತ್ತು. ಇಂಥದೊಂದು ಆದೀತೆಂದು ಅವಳು ಯೋಚಿಸಿಯೇ ಇರಲಿಲ್ಲ.

ಜನ ಸೇರಿದರು. ಪಕ್ಕದ ಹೊಲದ ಯೋತಾಮು ಗುದ್ದಲಿ ಹಿಡಿದೇ ಬಂದಿದ್ದ.

“ಲಾಜರೋನನ್ನ ತುಳಿದದ್ದು ಇದೇ ಹಿಂಡು. ಮರೆತೆಯಾ ಎನಲೇಸಿ?”

“ಮರೆತಿಲ್ಲ.”

ಅವಳು ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು. ಮರಿ ಸೊಂಡಿಲನ್ನು ಮೇಲೆ ಚಾಚಿ ಮಣ್ಣನ್ನು ತಡವರಿಸುತ್ತಿತ್ತು.

“ಮೊದಲು ಇಳಿಜಾರು ಅಗೆಯೋಣ,” ಎಂದಳು ಎನಲೇಸಿ. “ಅಲ್ಲೀತನಕ ಕಂಬ ಹಚ್ಚಿರಲಿ, ತಾಯಿ ದೂರ ಇರುತ್ತೆ. ಆಮೇಲೆ ನನ್ನ ಹೊಲದ್ದು ಮಾತ್ರ ಆರಿಸ್ತೀನಿ. ನಿಮ್ಮವು ಹಾಗೇ ಇರಲಿ. ಹಾಳಾದರೆ ನನ್ನದೊಂದು ಹಾಳಾಗಲಿ.”

“ವರ್ಷದ ಊಟ ಅದು,” ಎಂದ ಯೋತಾಮು.

“ನನಗೆ ಗೊತ್ತಿಲ್ವಾ?”

ಅವಳು ಗುದ್ದಲಿ ತೆಗೆದುಕೊಂಡು ಅಗೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಯೋತಾಮು ಅವಳ ಪಕ್ಕಕ್ಕೆ ಬಂದು ನಿಂತು ತಾನೂ ಅಗೆದ. ಆಮೇಲೆ ಉಳಿದವರು. ಬಿಸಿಲೇರುವಷ್ಟರಲ್ಲಿ ಗುಂಡಿಯ ಒಂದು ಬದಿ ಜಾರುಬಂಡೆಯಂತಾಯಿತು. ಎಲ್ಲರೂ ಗಿರಣಿಯ ಜಗುಲಿಗೆ ಹೋಗಿ ಸೇರಿಕೊಂಡ ಮೇಲೆ ಎನಲೇಸಿ ಕಂಬವನ್ನು ಆರಿಸಿದಳು.

ತಾಯಾನೆ ನೇರವಾಗಿ ಜೋಳದ ನಡುವೆಯೇ ನುಗ್ಗಿತು. ಹಿಂಡು ಹಿಂಬಾಲಿಸಿತು. ಮರಿ ಇಳಿಜಾರನ್ನು ಏರಿ ಜಾರಿತು, ಮತ್ತೆ ಏರಿತು. ತಾಯಿ ಮಂಡಿಯೂರಿ ಸೊಂಡಿಲಿನಿಂದ ಅದನ್ನು ಎಳೆದುಕೊಂಡಿತು. ಮರಳುವಾಗಲೂ ಹಿಂಡು ಹೊಲದ ಮೇಲೆಯೇ ಹಾದುಹೋಯಿತು. ಒಂದೆರಡು ಆನೆಗಳು ತೆನೆ ಕಿತ್ತು ಬಾಯಿಗೆ ಹಾಕಿಕೊಂಡವು ಕೂಡ. ಅವು ಕಾಡು ಸೇರಿದಾಗ ಹೊಲದ ಬಹುಪಾಲು ನೆಲಕಚ್ಚಿತ್ತು.

ಎನಲೇಸಿ ಜಗುಲಿಯ ಮೇಲೆ ಕುಳಿತು ಅತ್ತಳು. ಗಂಡನಿಗಾಗಿಯೋ ಬೆಳೆಗಾಗಿಯೋ ಎಂದು ಯಾರೂ ಕೇಳಲಿಲ್ಲ. ಮಂದಾಕಿನಿ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡಳು.

ಕೊಯ್ಲಿನ ಹೊತ್ತಿಗೆ ಯೋತಾಮು ಒಂದು ಬುಟ್ಟಿ ಜೋಳ ತಂದು ಅವಳ ಬಾಗಿಲಲ್ಲಿಟ್ಟು ಹೋದ. ಮರುದಿನ ಇನ್ನೊಂದು ಮನೆಯವರು ತಂದರು. ಊರಿನಲ್ಲಿ ತರದ ಮನೆಯೇ ಉಳಿಯಲಿಲ್ಲ. ಅವಳ ಕಣಜ ತುಂಬಿ ಮಿಕ್ಕಿದ್ದನ್ನು ಗಿರಣಿಯಲ್ಲಿಡಬೇಕಾಯಿತು.

ಸುದ್ದಿ ತಿಳಿದು ನೂರ್‌ಬಾನು ಊರುಗೋಲು ಹಿಡಿದು ಬಂದು ಎನಲೇಸಿಯ ಮನೆಯ ಜಗುಲಿಯ ಮೇಲೆ ಕುಳಿತರು.

“ತಪ್ಪು ನನ್ನದು,” ಎಂದಳು ಮಂದಾಕಿನಿ. “ಗುಂಡಿಗೆ ಬೇಲಿ ಹಾಕಿಸಬೇಕಿತ್ತು.”

“ಬೇಲಿ ಹಾಕಿಸೋಣ,” ಎಂದು ನೂರ್‌ಬಾನು ಎನಲೇಸಿಯ ಕಡೆ ತಿರುಗಿದರು. “ನಿಮಗೆ ಏನು ಬೇಕು ಹೇಳಿ. ಏನಾದರೂ.”

ಎನಲೇಸಿ ಒಳಗೆ ಹೋಗಿ ಒಂದು ಬುಟ್ಟಿ ಜೋಳ ತಂದು ಅವರ ಮಡಿಲಲ್ಲಿಟ್ಟಳು.

“ನನಗೆ ಯಾಕಮ್ಮಾ ಇದು?”

“ಈ ವರ್ಷ ಇಲ್ಲಿ ಪ್ರತಿ ಮನೆಯವರೂ ನನಗೆ ಒಂದು ಪಾಲು ಕೊಟ್ಟಿದ್ದಾರೆ. ಅದರಲ್ಲಿ ನಿಮಗೂ ಒಂದು ಪಾಲು ತೆಗೆದಿಟ್ಟಿದ್ದೆ.”

ನೂರ್‌ಬಾನು ಅವರ ಹೆಸರು ಎಷ್ಟೋ ಊರುಗಳ ಕಲ್ಲುಫಲಕಗಳ ಮೇಲಿತ್ತು. ಯಾವ ಊರೂ ಅವರಿಗೆ ಪಾಲು ತೆಗೆದಿಟ್ಟಿರಲಿಲ್ಲ. ಅವರು ಒಂದು ತೆನೆಯನ್ನು ಕೈಗೆತ್ತಿಕೊಂಡು ಕಾಳುಗಳ ಮೇಲೆ ಬೆರಳಾಡಿಸಿದರು. ಹೊರಡುವಾಗ ಬುಟ್ಟಿಯನ್ನು ಜೀಪಿನ ಹಿಂದೆ ಇಡುತ್ತೇನೆಂದು ಚಾಲಕ ಕೈಚಾಚಿದ. ಅವರು ಕೊಡಲಿಲ್ಲ. ವಿಮಾನ ನಿಲ್ದಾಣದವರೆಗೂ ಅದನ್ನು ಮಡಿಲಲ್ಲೇ ಇಟ್ಟುಕೊಂಡು ಹೋದರು.