ಓರೆಯಾಗಿ ಹೊಲಿದ ಗುಂಡಿ

"ತಟ್ಟೆ ಅಲ್ಲೇ ಇಡಿ. ನಿಮ್ಮ ಕೈಯಿಂದ ನಾನು ಏನೂ ತಗೊಳ್ಳಲ್ಲ."

ಗಂಡ ಹಾಗೆಂದಾಗ ಅವಳ ಎದೆಗೆ ಇರಿದಂತಾದದ್ದು ಊಟ ಬೇಡವೆಂದ ಮಾತಿನಿಂದಲ್ಲ. ಮದುವೆಯಾದಂದಿನಿಂದ 'ಏನೇ', 'ಬಾರೇ' ಎಂದು ಕರೆದ ಬಾಯಿ ಇಂದು 'ನೀವು' ಎಂದಿತ್ತು... ಬ್ಯಾಂಕಿನ ಕಿಟಕಿಯಾಚೆ ಕುಳಿತ ಗುಮಾಸ್ತೆಯನ್ನು ಮಾತಾಡಿಸುವಷ್ಟು ಮರ್ಯಾದೆಯಿಂದ!

ಅವನು ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವವನು. ತಿರುಗುವ ಕಲ್ಲಿಗೆ ನೀರು ಬಿಟ್ಟು, ಗಾಜಿನ ಅಂಚನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಫ್ರೇಮಿಗೆ ಕೂರಿಸುವುದರಲ್ಲಿ ಅವನದು ಎತ್ತಿದ ಕೈ. ಅಂಥವನು ಕೆಲವು ತಿಂಗಳಿಂದ ವಿಚಿತ್ರವಾಗಿ ಮಾತಾಡತೊಡಗಿದ್ದ. ಈ ಲೋಕ ನಿಜವಲ್ಲವಂತೆ, ಯಾವುದೋ ದೊಡ್ಡ ಕಂಪ್ಯೂಟರು ಲೆಕ್ಕ ಹಾಕಿ ತೋರಿಸುತ್ತಿರುವುದಂತೆ. ಗುಟ್ಟು ತನಗೆ ತಿಳಿಯಿತೆಂದು, ಆ ಕಂಪ್ಯೂಟರನ್ನು ನಡೆಸುವವರು ತಮ್ಮ ಜನರನ್ನು ಸುತ್ತಮುತ್ತ ಬಿಟ್ಟಿದ್ದಾರಂತೆ. ಅವರಿಗೆ ಅವನು 'ಒಳಗಿನವರು' ಎಂದು ಹೆಸರಿಟ್ಟಿದ್ದ. ಅವರನ್ನು ಗುರುತಿಸುವುದಕ್ಕೆ ಒಂದೇ ಉಪಾಯ: ಒಳಗಿನವರು ತಪ್ಪು ಮಾಡುವುದಿಲ್ಲ. ಒಂದು ಕಾಗದವನ್ನೂ ಬೇರೆ ಮನೆಗೆ ಹಾಕದ ಪೋಸ್ಟ್‌ಮ್ಯಾನ್ ಹೀಗೆ ಒಳಗಿನವನಾದ. "ಹಾಗಾದ್ರೆ ನಾನು ನಿಜಾನೇ ಕಣೋ, ಸಾರಿಗೆ ಉಪ್ಪು ಹಾಕೋದು ದಿನಾ ಮರೀತೀನಲ್ಲ," ಎಂದು ಅವನ ತಾಯಿ ನಕ್ಕರು. ಅವನು ನಗಲಿಲ್ಲ. "ನೀನು ನಿಜ ಅಮ್ಮಾ," ಎಂದು ಸಮಾಧಾನ ಹೇಳಿದ.

ಹೆಂಡತಿಗೆ ಮೊದಲಿನಿಂದಲೂ ದೃಷ್ಟಿ ಮಂದ. ಅವಳು ಹೊಲಿದ ಗುಂಡಿ ಯಾವತ್ತೂ ಕಾಜಕ್ಕೆ ಎದುರಾಗಿ ಕೂತದ್ದಿಲ್ಲ. ಅಂಗಿ ಎದೆಯ ಮೇಲೆ ಒಂದು ಕಡೆಗೆ ಎಳೆದುಕೊಂಡೇ ಇರುತ್ತಿತ್ತು. ಅಂಗಡಿಯವರು ಅವನನ್ನು 'ಓರೆಗುಂಡಿ' ಎಂದೇ ಕರೆಯುತ್ತಿದ್ದರು. ಅವನಿಗೋ ಅದೇ ಹೆಮ್ಮೆ. "ನನ್ನ ಹೆಂಡ್ತಿ ಸಹಿ ಹಾಕಿದಾಳೆ, ನಿಮಗೇನು ಹೊಟ್ಟೆಕಿಚ್ಚು?" ಎನ್ನುತ್ತಿದ್ದ. ಕೊನೆಗೊಮ್ಮೆ ಬಿಡುವಿನಲ್ಲಿ ಕೂತು ಅವಳಿಗೆಂದೇ ಗಾಜು ಉಜ್ಜಿ ಕನ್ನಡಕ ಮಾಡಿಕೊಟ್ಟ. ಸೂಜಿಯ ಕಣ್ಣು ಅಷ್ಟು ಸ್ಪಷ್ಟವಾಗಿ ಕಂಡಾಗ ಅವಳು ಮಗುವಿನಂತೆ ಹಿಗ್ಗಿದಳು. ಅವನ ಅಂಗಿಗಳನ್ನೆಲ್ಲ ಹರವಿಕೊಂಡು, ಹಳೆಯ ಗುಂಡಿಗಳನ್ನು ಬಿಚ್ಚಿ ನೇರವಾಗಿ ಹೊಲಿದಳು. ಅದೇ ಅವಳು ಮಾಡಿದ ತಪ್ಪು... ತಪ್ಪಿಲ್ಲದಂತೆ ಹೊಲಿದದ್ದು.

ಮರುದಿನ ಅವನು ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಗಳನ್ನು ಸವರುತ್ತ ಬಹಳ ಹೊತ್ತು ಕೂತಿದ್ದ. "ನನ್ನ ಹೆಂಡ್ತಿಗೆ ಹೀಗೆ ಹೊಲಿಯೋಕೆ ಬರಲ್ಲ. ಅವಳನ್ನ ಎಲ್ಲಿಟ್ಟಿದೀರಿ?" ಎಂದು ಕೇಳಿದ. ಅವಳು ಕನ್ನಡಕ ತೋರಿಸಿದಳು, ಅತ್ತಳು, "ನಾನೇ ರೀ" ಎಂದು ಆಣೆ ಇಟ್ಟಳು. ಒಳಗಿನವರು ಹಾಗೇ ಹೇಳುವುದು ಎಂದುಬಿಟ್ಟ. ಅವಳು ಆಣೆ ಇಟ್ಟಷ್ಟೂ ಅವನ ಸಂಶಯ ಗಟ್ಟಿಯಾಯಿತು. ಅತ್ತೆಯೂ ಸುಮ್ಮನಿರಲಿಲ್ಲ.

"ಹೆತ್ತವಳನ್ನ ಗುರುತಿಸ್ತಾನೆ, ಕಟ್ಟಿಕೊಂಡವಳನ್ನ ಗುರುತಿಸಲ್ಲ. ಅವನಿಗೆ ಅದೆಂಥ ಕಾಟ ಕೊಟ್ಟಿದ್ದೀಯೋ, ತಾಯಿ..."

ವೈದ್ಯರು ಇದು ಕಾಯಿಲೆ, ಮಾತ್ರೆ ತಗೊಂಡರೆ ಹಿಡಿತಕ್ಕೆ ಬರುತ್ತದೆ ಎಂದರು. ಅವನ ನಂಬಿಕೆಯ ಜೊತೆ ವಾದಿಸಬೇಡಿ, ಅದಕ್ಕೆ ತಲೆದೂಗಲೂ ಬೇಡಿ ಎಂದೂ ಹೇಳಿದರು. ಆದರೆ ಸೊಸೆ ತಂದ ಮಾತ್ರೆಯನ್ನು ಅತ್ತೆ ಕೊಟ್ಟರೂ ಅವನು ಉಗಿದ. ಒಂದು ಸಂಜೆ ಬೀದಿಗಿಳಿದು, ಬರುತ್ತಿದ್ದ ಬಸ್ಸಿಗೆ ಎದುರಾಗಿ ಕಣ್ಣುಮುಚ್ಚಿ ನಿಂತ. ಡ್ರೈವರ್ ಬ್ರೇಕ್ ಒತ್ತಿದ್ದರಿಂದ ಮಂಡಿ ತರಚಿದ್ದಷ್ಟೇ. ಮನೆಗೆ ಬಂದವನ ಮುಖದಲ್ಲಿ ಗೆದ್ದ ಕಳೆ. "ನೋಡಿದ್ಯಾ ಅಮ್ಮಾ, ಒಳಗಿನವರು ಬಸ್ಸು ನಿಲ್ಲಿಸಿಬಿಟ್ರು. ನಾಳೆ ರೈಲಿನ ಹತ್ರ ನೋಡ್ತೀನಿ," ಎಂದ.

ಅತ್ತೆ ಮೆಟ್ಟಿಲ ಮೇಲೆಯೇ ಕುಸಿದರು. ಸೊಸೆಯ ಕೈಯನ್ನು ಅವರು ತಾವಾಗಿ ಹಿಡಿದದ್ದು ಅದೇ ಮೊದಲು. "ಏನಾದ್ರೂ ಮಾಡೇ... ನನ್ನ ಕೈಲಾಗಲ್ಲ," ಎಂದರು.

ಮರುದಿನ ಬೆಳಿಗ್ಗೆ ಅವಳು ಕನ್ನಡಕ ತೆಗೆದು, ಮಬ್ಬಿನಲ್ಲಿ ತಡವರಿಸುತ್ತ ಒಂದು ಹಳೆಯ ಅಂಗಿಗೆ ಗುಂಡಿ ಹೊಲಿದಳು. ಸೂಜಿ ಬೆರಳಿಗೆ ಚುಚ್ಚಿತು. ಗುಂಡಿ ತನ್ನಷ್ಟಕ್ಕೇ ಓರೆಯಾಯಿತು. ತಾನು ಮಾಡಲಿರುವುದು ವೈದ್ಯರು ಬೇಡವೆಂದದ್ದೇ ಎಂದು ಅವಳಿಗೆ ಗೊತ್ತಿತ್ತು. ಆದರೆ ಆ ದಿನ ದಾಟದಿದ್ದರೆ ಮುಂದೆ ವೈದ್ಯರು ನೋಡುವುದಾದರೂ ಯಾರನ್ನು? 'ನಾನೇ ನಿಮ್ಮ ಹೆಂಡತಿ' ಎನ್ನುವ ಹಟವೊಂದೇ ಅವಳ ಕೈಯಲ್ಲಿ ಉಳಿದಿತ್ತು. ಅದನ್ನೂ ಬಿಟ್ಟುಕೊಟ್ಟಳು.

"ನೀವು ಹೇಳಿದ್ದು ಸರಿ," ಎಂದಳು ಅವನೆದುರು ನಿಂತು. "ನಾನು ಒಳಗಿನವಳೇ. ನಿಮ್ಮ ಹೆಂಡ್ತಿ ಹೊರಗಿದ್ದಾಳೆ, ಚೆನ್ನಾಗಿದ್ದಾಳೆ. ಈ ಅಂಗಿನ ಕಳಿಸಿದಾಳೆ. ರಸ್ತೆಗೆ, ರೈಲಿನ ಹತ್ರ ಹೋಗಬಾರದಂತೆ. ಈ ಮಾತ್ರೆ ದಿನಾ ತಗೋಬೇಕಂತೆ... ಅವಳು ಬರೋವರೆಗೂ."

ಅವನ ಬೆರಳು ಕಾಜವನ್ನು ದಾಟಿ ಗುಂಡಿಯನ್ನು ಹುಡುಕಿತು. ಅದು ಓರೆಯಾಗಿತ್ತು. "ಅವಳದೇ..." ಎಂದು ಅಂಗಿಯನ್ನು ಮುಖಕ್ಕೊತ್ತಿಕೊಂಡ. ಅತ್ತೆ ನೀರಿನ ಲೋಟ ತಂದರು. ಅವನು ಮಾತ್ರೆ ನುಂಗಿದ.

ಅವಳು ಹೊರಡಲು ತಿರುಗಿದಾಗ ಅವನು ಸಂಕೋಚದಿಂದ ಕರೆದ.

"ನೋಡಿ, ಒಂದು ಉಪಕಾರ ಮಾಡ್ತೀರಾ? ಅವಳಿಗೆ ಕಣ್ಣು ಸರಿಯಾಗಿ ಕಾಣಲ್ಲ. ಆಯಾಸ ಮಾಡ್ಕೊಂಡು ಇದನ್ನೆಲ್ಲ ಹೊಲಿಯಬೇಡ ಅಂತ ಹೇಳಿ. ಅವಳಿಗೆ ಅಂತ ಮಾಡಿದ ಕನ್ನಡಕ ಅವಳ ಕೈ ಸೇರಲೇ ಇಲ್ಲ. ಬಂದ ಮೇಲೆ ನಾನೇ ಇನ್ನೊಂದು ಒಳ್ಳೇದು ಮಾಡಿಕೊಡ್ತೀನಿ."

"ಹೇಳ್ತೀನಿ," ಎಂದಳು ಅವಳು. ಮುಷ್ಟಿಯೊಳಗೆ ಮಡಿಸಿಟ್ಟುಕೊಂಡಿದ್ದ ಕನ್ನಡಕದ ಕಡ್ಡಿ ಅಂಗೈಗೆ ಒತ್ತುತ್ತಿತ್ತು. ಅದನ್ನು ಹಾಕಿಕೊಳ್ಳದೆಯೇ, ಗೋಡೆ ಹಿಡಿದುಕೊಂಡು, ಅವಳು ಅಡುಗೆಮನೆಯ ಕಡೆಗೆ ನಡೆದಳು.