ಗೆರೆ ಬಾಗಿದ ಕಲ್ಲು

ಎಂಬತ್ತೊಂದನೇ ಇಸವಿಯಲ್ಲಿ ನಾನು ದುಡಿಯುತ್ತಿದ್ದ ಶಹಾಬಾದಿನ ಕಲ್ಲು ಕಾರ್ಖಾನೆಗೆ, ಕಲ್ಲು ಸಪಾಟಾಗಿದೆಯೇ ಎಂದು ನೋಡುವ ಹೊಸ ದೀಪ ಬಂತು. ಬಾಗಿಲು ಮುಚ್ಚಿ ಹಚ್ಚಿದರೆ ಹಾಸುಗಲ್ಲಿನ ಮೇಲೆ ಬೆಳಕಿನ ಗೆರೆಗಳು ಬೀಳುತ್ತಿದ್ದವು. ಕಲ್ಲು ಉಬ್ಬಿದ್ದಲ್ಲಿ ಗೆರೆ ಬಾಗುತ್ತಿತ್ತು.

ನನ್ನ ಗಂಡ ಮಶಾಕ ಸತ್ತ ಗಣಿಯ ಕಲ್ಲೊಂದನ್ನು ತಿಕ್ಕಿ ಇಟ್ಟಿದ್ದೆ. ಅದರ ಮೇಲೆ ಗೆರೆಗಳು, ಮೊಣಕಾಲು ಮಡಚಿ ಗೋಡೆಯ ಕಡೆ ಹೊರಳಿ ಮಲಗಿದ ಗಂಡಸಿನಂತೆ ಬಾಗಿದವು. ನನ್ನವರು ಹಾಗೆಯೇ ಮಲಗುತ್ತಿದ್ದರು.

"ಅಂಗೈಗೆ ಸಪಾಟ ಅದರಿ," ಎಂದೆ.

"ಸವದು ಸಪಾಟಾಗಿದ್ದು ನಿನ್ನ ಅಂಗೈ, ಬೂಬಮ್ಮ," ಎಂದ ಮೇಸ್ತ್ರಿ ಸಂಗಣ್ಣ. "ಮತ್ತ ತಿಕ್ಕು. ನಾಳೀಗೂ ಹಿಂಗೇ ಇದ್ದರ ಒಡದು ಜಲ್ಲಿ ಮಾಡಸ್ತೀನಿ."

ಜಲ್ಲಿಯಾಗಬಾರದೆಂದು ತೋಳು ಸೋಲುವವರೆಗೆ ತಿಕ್ಕಿದೆ. ಎಷ್ಟು ನೀರು ಸುರಿದರೂ ಕಲ್ಲು ಮೈಯಂತೆ ಬೆಚ್ಚಗಿತ್ತು.

ಮರುದಿನ ಸಂಗಣ್ಣ ದೀಪ ಹಚ್ಚಿ ನೋಡಿ, ಒಡೆಸಲು ತಂದಿದ್ದ ಸುತ್ತಿಗೆ ಕೆಳಗಿಟ್ಟ. ಕಲ್ಲನ್ನು ಯಾರೂ ಸರಿಸಿರಲಿಲ್ಲ. ಗೆರೆಗಳು ಹಾಗೆಯೇ ಬಾಗಿದ್ದವು. ಮೊಣಕಾಲುಗಳು ಮಾತ್ರ ಈಗ ನನ್ನ ಕಡೆಗಿದ್ದವು.