ನಾಲ್ಕನೇ ಸಹಿ

ಮಂಗಳವಾರ ಬೆಳಿಗ್ಗೆ 9.20. ಕೊರಳಲ್ಲಿ ಅಳತೆ ಟೇಪು ಹಾಗೇ ಇಟ್ಟುಕೊಂಡು ಠಾಣೆಗೆ ಬಂದ ದರ್ಜಿ ಹೆಂಗಸು ಒಂದೇ ಉಸಿರಿಗೆ ದೂರು ಹೇಳಿದಳು. ಭಾನುವಾರ ಮೂವರು ಗೆಳೆಯರ ಜೊತೆ ಬೆಟ್ಟ ಹತ್ತಲು ಹೋದ ತಮ್ಮ ಇನ್ನೂ ಮನೆಗೆ ಬಂದಿಲ್ಲ.

“ಇಷ್ಟು ಹೊತ್ತು ಏನ್ಮಾಡ್ತಿದ್ರಿ?” ಇನ್‌ಸ್ಪೆಕ್ಟರ್ ಕೇಳಿದರು.

“ಅವತ್ತೇ ಸಂಜೆ ಬೆಟ್ಟದ ಗೇಟಿಗೆ ಫೋನ್ ಮಾಡಿದ್ದೆ ಸಾರ್. ನಾಲ್ಕೂ ಜನ ಇಳಿದ್ರು ಅಂದ್ರು. ಯಾರ ಮನೇಲೋ ಬಿದ್ಕೊಂಡಿರ್ತಾನೆ ಅಂತ ಸಿಟ್ಟು ಬಂತು, ಸುಮ್ಮನಾದೆ.”

ಗೇಟಿನ ರಿಜಿಸ್ಟರಿನಲ್ಲಿ ಹತ್ತುವಾಗ ಬೆಳಿಗ್ಗೆ 6.10ಕ್ಕೆ ನಾಲ್ಕು ಸಹಿ, ನಾಲ್ಕು ಥರ. ಇಳಿದಾಗ ಸಂಜೆ 5.45ಕ್ಕೆ ಮತ್ತೆ ನಾಲ್ಕು, ಎಲ್ಲ ಒಂದೇ ಕೈಬರಹ.

“ನಮ್ಮ ಹಾಜರಿ ಪುಸ್ತಕ ಇದ್ದಂಗಿದೆ ಸಾರ್,” ಎಂದ ಹೆಡ್ ಕಾನ್‌ಸ್ಟೇಬಲ್. ಯಾರೂ ನಗಲಿಲ್ಲ.

“ಸುಸ್ತಾಗಿದಾರೆ, ನಾನೇ ಬರೀತೀನಿ ಅಂದ್ರು ಕ್ಯಾಪ್ಟನ್,” ಎಂದ ಕಾವಲುಗಾರ. “ವಾರವಾರ ಬರೋರು.”

“ತಲೆ ಎಣಿಸಿದ್ಯಾ?”

“ನಾಲ್ಕು ಸಹಿ ಇತ್ತಲ್ಲ ಸಾರ್.”

ಕ್ಯಾಪ್ಟನ್ ಎಂದರೆ ಅವರ ತಂಡವನ್ನು ಬೆಟ್ಟಕ್ಕೆ ಕರೆದೊಯ್ಯುವವನು, ಶಾಲೆಯೊಂದರ ಡ್ರಿಲ್ ಮೇಷ್ಟ್ರು. ಭಾನುವಾರ ಜೊತೆಗೆ ಹತ್ತಿದ್ದ ಮೆಡಿಕಲ್ ಅಂಗಡಿಯವನು ಮೊದಲ ಪ್ರಶ್ನೆಗೇ ಅತ್ತುಬಿಟ್ಟ.

“ಅವನ ಕಾಲು ಉಳುಕಿತ್ತು ಸಾರ್. ಬಂಡೆ ಹತ್ರ ಕೂತಿರು, ತುದಿ ಮುಟ್ಟಿ ಬರ್ತೀವಿ ಅಂದ ಕ್ಯಾಪ್ಟನ್. ಮಂಜು ಮುಸುಕ್ತು, ಬೇರೆ ದಾರೀಲಿ ಇಳಿದುಬಿಟ್ವಿ. ಅವನ ಫೋನ್ ಬಂತು, ಆಗ್ಲೇ ಬಸ್ ಹತ್ತಿದಾನೆ ಅಂದ ಕ್ಯಾಪ್ಟನ್. ನಂಬಿದ್ವಿ.”

ಮಧ್ಯಾಹ್ನ 1.40ಕ್ಕೆ ಬಂಡೆಯ ಕೆಳಗಿನ ಕಂದರದಲ್ಲಿ ಶವ ಸಿಕ್ಕಿತು. ಪಂಚನಾಮೆ: ಎಡಗಾಲಿಗೆ ಸುತ್ತಿದ ಕರ್ಚೀಫು, ಖಾಲಿ ಬಾಟಲಿ, ಬಲಗೈಯಲ್ಲಿ ಸೀಟಿ. ಮೊಬೈಲಿನಿಂದ ಅಕ್ಕನಿಗೆ ನಲವತ್ಮೂರು ಕರೆ, ಸಿಗ್ನಲ್ ಇಲ್ಲದೆ ಒಂದೂ ಹೋಗಿಲ್ಲ. ಕೊನೆಯದು ಸೋಮವಾರ ಮಧ್ಯಾಹ್ನ 3.20ಕ್ಕೆ. ಅಷ್ಟು ಬರೆದು ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ.

ಸಂಜೆ 4.10. ಮಕ್ಕಳು ಮನೆಗೆ ಹೋಗಿದ್ದರು. ಶಾಲೆಯ ಮೈದಾನದ ಕಟ್ಟೆಯ ಮೇಲೆ ಕ್ಯಾಪ್ಟನ್ ಒಬ್ಬನೇ ಕೂತಿದ್ದ.

“ಅವನ ಫೋನ್ ಬಂದಿತ್ತಾ ಮೇಷ್ಟ್ರೇ?” ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತು ಕೇಳಿದರು.

“ಇಲ್ಲ.”

“ಮತ್ತೆ ಸಹಿ?”

“ಹದಿನೆಂಟು ವರ್ಷದಿಂದ ಒಬ್ಬರನ್ನೂ ಮೇಲೆ ಬಿಟ್ಟು ಬಂದವನಲ್ಲ ಸಾರ್. ಬೆಳಿಗ್ಗೆ ನಾನೇ ಹೋಗಿ ಕರ್ಕೊಂಡು ಬಂದ್ರೆ ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ.”

“ಹೋದ್ರಾ?”

“ಸೋಮವಾರ ಬೆಳಕು ಹರಿಯೋಕೆ ಮುಂಚೆ ಕಳ್ಳದಾರೀಲಿ ಅರ್ಧ ಹತ್ತಿದೆ. ಸೀಟಿ ಕೇಳಿಸ್ತು. ಬದುಕಿದಾನೆ ಅಂತ ಗೊತ್ತಾಯ್ತು.” ಅವನು ತುಟಿ ಒರೆಸಿಕೊಂಡ. “ಕೆಳಗೆ ಬಂದ್ರೆ ಎಲ್ಲರಿಗೂ ಹೇಳ್ತಾನಲ್ಲ ಅನ್ನಿಸ್ತು. ವಾಪಸ್ ಬಂದು ಹುಡುಗರ ಹಾಜರಿ ತಗೊಂಡೆ.”

ಥೂ, ಇವನ ಹೆಸರಿಗಿಷ್ಟು ಬೆಂಕಿ ಹಾಕ! ಇನ್‌ಸ್ಪೆಕ್ಟರ್ ಎದ್ದು ನಿಂತರು. 4.35ಕ್ಕೆ ಬಂಧನ.

ಜೀಪು ಹತ್ತುವಾಗ ಅವನು ತಟ್ಟನೆ ನಿಂತ. “ಅಗೋ, ಮತ್ತೆ ಊದ್ತಿದಾನೆ. ನಿಮಗೆ ಕೇಳಿಸ್ತಿಲ್ವಾ?” ಮೈದಾನದಲ್ಲಿ ಎಲೆ ಅಲುಗುವ ಸದ್ದೂ ಇರಲಿಲ್ಲ.

ಠಾಣೆಯಲ್ಲಿ ಅಕ್ಕ ಮೊಬೈಲಿನ ಕರೆಗಳ ಪಟ್ಟಿಯನ್ನು ಕೊನೆಯವರೆಗೂ ಓದಿದಳು.

“ಸೋಮವಾರ ಮಧ್ಯಾಹ್ನ ಅಂಗಿ ಹೊಲೀತಾ, ಬರ್ಲಿ ಇವತ್ತು, ಬಾಗಿಲೇ ತೆಗೆಯಲ್ಲ ಅಂತ ಬೈತಿದ್ದೆ ಸಾರ್. ಆಗ ಬದುಕಿದ್ನಾ?”

ಇಲ್ಲ ಎಂಬ ಸುಳ್ಳು ಇನ್‌ಸ್ಪೆಕ್ಟರ್‌ ನಾಲಿಗೆಯ ತುದಿವರೆಗೂ ಬಂದಿತ್ತು.

“ಇದ್ದನಮ್ಮ,” ಎಂದರು.